ಕರಡಿರಾಜನ ದೀಕ್ಷಾಸ್ನಾನ

ದೂರದ ಉತ್ತರದಲ್ಲಿ, ಅರ್ಧ ವರ್ಷ ಹಿಮ ಬೀಳುವ ಒಂದು ಕಾಡು. ಅಲ್ಲಿ ಹಾರ್ವಿನ್ ಎಂಬ ಕರಡಿ ರಾಜನಾಗಿದ್ದ. ಕಾಡಿನ ನಡುವೆ ಒಂದು ಹೊಳೆ. ಈಚೆ ದಡ ಕರಡಿಗಳದು, ಆಚೆ ದಡ ತೋಳಗಳದು. ಹೊಳೆಯ ಮೀನಿಗಾಗಿ ಎರಡೂ ಕಡೆಯವರು ತಾತಂದಿರ ಕಾಲದಿಂದ ಕಚ್ಚಾಡುತ್ತಿದ್ದರು. ತೋಳಗಳ ನಾಯಕ ಗ್ರಿಮೂರ್ ಹಾರ್ವಿನ್‌ನ ಅಣ್ಣನನ್ನೇ ಕೊಂದಿದ್ದ.

ಹಾರ್ವಿನ್ ಒಂದು ಮುದಿ ಓಕ್ ಮರವನ್ನು ಪೂಜಿಸುತ್ತಿದ್ದ. ಮೊದಲ ಮೀನು ಮರಕ್ಕೆ, ಮೊದಲ ಜೇನೂ ಮರಕ್ಕೆ. "ಇಷ್ಟೆಲ್ಲ ಕೊಟ್ಟಿದ್ದೇನೆ, ಗೆಲುವು ಕೊಡು" ಎಂದು ಕೇಳುತ್ತಿದ್ದ. ಮರ ಸುಮ್ಮನೆ ನಿಂತಿರುತ್ತಿತ್ತು.

ಒಂದು ವಸಂತದಲ್ಲಿ ದಕ್ಷಿಣದಿಂದ ಫೆಲಿಕ್ಸ್ ಎಂಬ ಕೊಕ್ಕರೆ ಹಾರಿ ಬಂದ. ಕರಡಿಗಳನ್ನು ಕೂರಿಸಿಕೊಂಡು ಯೇಸುವಿನ ಕತೆ ಹೇಳಿದ. ರಾಜನ ಕಿವಿ ನೆಟ್ಟಗಾಯಿತು.

"ನಿನ್ನ ದೇವರು ಯಾವ ಮರದಲ್ಲಿ ಇರುತ್ತಾನೆ?"

"ಮರ, ಹೊಳೆ, ನೀವು, ಎಲ್ಲವನ್ನೂ ಮಾಡಿದವನೇ ಅವನು, ಪ್ರಭು."

"ತೋಳಗಳನ್ನೂ?"

"ತೋಳಗಳನ್ನೂ."

ರಾಜ ಮುಖ ಸಿಂಡರಿಸಿದ. "ಅವನಿಗೇನು ಕೊಡಬೇಕು? ಮೀನೋ, ಜೇನೋ?"

"ಎರಡೂ ಬೇಡ. ವೈರಿಯನ್ನೂ ಪ್ರೀತಿಸಿ ಅನ್ನುತ್ತಾನೆ."

"ಇದೆಂಥ ದೇವರಪ್ಪ!" ಎಂದ ಹಾರ್ವಿನ್. ಆದರೂ ಎದ್ದು ಹೋಗಲು ಮನಸ್ಸಾಗಲಿಲ್ಲ. ಮೂರು ದಿನ ಊಟ ಮರೆತು ಪ್ರಶ್ನೆ ಕೇಳಿದ. ನಾಲ್ಕನೆಯ ದಿನ, "ಸರಿ, ನಂಬುತ್ತೇನೆ. ತೋಳಗಳ ಮೇಲೆ ಗೆಲುವು ಕೊಡಲಿ" ಎಂದ.

"ಗೆಲುವಿನ ಮಾತು ನಾನು ಕೊಡಲಾರೆ, ಪ್ರಭು" ಎಂದ ಫೆಲಿಕ್ಸ್. ಆದರೂ ಯೇಸುವಿನವನಾದ ಗುರುತಿಗೆ ರಾಜನನ್ನು ಹೊಳೆಯಲ್ಲಿ ಮುಳುಗಿಸಿ ದೀಕ್ಷಾಸ್ನಾನ ಮಾಡಿಸಿದ. ಹಿಮ ಕರಗಿದ ನೀರು. ರಾಜ ಗಡಗಡ ನಡುಗಿಬಿಟ್ಟ.

ಮರುದಿನ ಬೆಳಗ್ಗೆಯಿಂದ ದಡದಲ್ಲಿ ಕೂತು ಕಾದ. ಏನೂ ಆಗಲಿಲ್ಲ.

"ಎಲ್ಲಯ್ಯಾ ನನ್ನ ಗೆಲುವು?"

"ನೀರಿನಲ್ಲಿ ಮುಳುಗಿ ಎದ್ದಿರಿ, ನಿಜ. ಅವನು ಹೇಳಿದ್ದರಲ್ಲಿ ಇನ್ನೂ ಒಂದನ್ನೂ ಮಾಡಿಲ್ಲವಲ್ಲ!"

ರಾಜ ಗುರ್ ಎಂದ. ಅಷ್ಟರಲ್ಲಿ ಆಚೆ ದಡ ಕುಸಿದು, ಅಲ್ಲಿ ನಿಂತಿದ್ದ ಗ್ರಿಮೂರ್ ನೀರಿಗೆ ಬಿದ್ದ. ಹೊಳೆ ಉಕ್ಕಿ ಹರಿಯುತ್ತಿತ್ತು. ಅವನು ಮುಳುಗಿದ, ಎದ್ದ, ಮತ್ತೆ ಮುಳುಗಿದ.

"ಗೆಲುವು ಬಂತು! ಹೊಸ ದೇವರು ಕೊಟ್ಟ!" ಎಂದು ಕರಡಿಗಳು ಕುಣಿದಾಡಿದವು.

ಹಾರ್ವಿನ್‌ಗೂ ಒಂದು ಕ್ಷಣ ಖುಷಿಯಾಯಿತು. ಅಣ್ಣನ ನೆನಪು ನುಗ್ಗಿ ಬಂತು. ಕೊಕ್ಕರೆಯತ್ತ ನೋಡಿದ. 'ಇವನನ್ನೂ ಆ ದೇವರೇ ಮಾಡಿದನಂತೆ. ಉಳಿಸಿದರೆ ಏನಾಗುತ್ತದೋ ನೋಡೇಬಿಡೋಣ' ಎಂದುಕೊಂಡು ಹೊಳೆಗೆ ಧುಮುಕಿದ. ಗ್ರಿಮೂರ್‌ನ ಕುತ್ತಿಗೆ ಕಚ್ಚಿ ಹಿಡಿದು, ಬಂಡೆಗೆ ಪಕ್ಕೆ ತರಚಿಸಿಕೊಂಡು, ದಡಕ್ಕೆ ಎಳೆದು ತಂದ.

ತೋಳ ಕೆಮ್ಮಿ ನೀರು ಕಾರಿದ. "ನಿನ್ನಣ್ಣನನ್ನು ಕೊಂದವನು ನಾನು. ಯಾಕೆ ಉಳಿಸಿದೆ?"

"ವೈರಿಯನ್ನು ಪ್ರೀತಿಸು ಅಂತ ಒಬ್ಬ ದೇವರು ಹೇಳಿದ್ದಾನೆ. ಪ್ರೀತಿ ಇನ್ನೂ ಬಂದಿಲ್ಲ. ಸಾಯಲಿ ಅಂತ ಬಿಡಲು ಮಾತ್ರ ಆಗಲಿಲ್ಲ."

ಗ್ರಿಮೂರ್ ತಲೆ ತಗ್ಗಿಸಿ ಹೊರಟುಹೋದ. ಆ ಬೇಸಿಗೆ ತೋಳಗಳು ಜಗಳಕ್ಕೆ ಬರಲಿಲ್ಲ. ಕರಡಿಗಳೂ ಹೋಗಲಿಲ್ಲ. ಒಂದು ಮರಿಯೂ ಸಾಯದ ಮೊದಲ ಬೇಸಿಗೆ ಅದು.

ಎಲೆ ಉದುರುವ ಕಾಲಕ್ಕೆ ಗ್ರಿಮೂರ್ ಒಬ್ಬನೇ ಹೊಳೆ ದಾಟಿ ಬಂದ. ಹಾರ್ವಿನ್ ಎದ್ದು ನಿಂತ.

"ಜಗಳಕ್ಕಲ್ಲ" ಎಂದ ತೋಳ, ದೂರದಲ್ಲೇ ಕೂರುತ್ತಾ. "ಆ ದೇವರ ಕತೆಯನ್ನು ನನಗೂ ಹೇಳುತ್ತೀಯಾ?"

ನೀತಿ: ವರ ಕೇಳಿದ ಮಾತ್ರಕ್ಕೆ ನಂಬಿಕೆಯ ಫಲ ಸಿಗದು, ನಂಬಿದಂತೆ ನಡೆದವನಿಗೆ ಅದು ಕೇಳದೆಯೇ ಸಿಗುತ್ತದೆ.