ಚೌಕದಲ್ಲಿ ಹಾಸು ಕಟ್ಟಿದವಳು

ಶಿಷ್ಯ ಕೇಳಿದ: "ಗುರುಗಳೇ, ಯುದ್ಧ ಮುಗಿದು ಮೂರು ವರ್ಷವಾಯಿತು. ಮಠದ ಅಂಗಳದಲ್ಲಿ ಇನ್ನೂ ನಿರಾಶ್ರಿತರ ಗುಡಾರಗಳಿವೆ. ಊರಾಚೆ ಅವರಿಗೆ ಮನೆಗಳೂ ಸಿದ್ಧವಾಗಿವೆ. ಇನ್ನು ಎಬ್ಬಿಸಿದರೆ ತಪ್ಪೇನು?"

ಗುರುಗಳು "ಕೂತುಕೋ" ಎಂದು ಕತೆ ಹೇಳಿದರು.

ಒಂದು ನಗರ ಯುದ್ಧದಲ್ಲಿ ಸುಟ್ಟುಹೋಯಿತು. ನೇಕಾರರ ಕೇರಿಯಂತೂ, ಎಲ್ಲಿ ಯಾರ ಮನೆಯಿತ್ತೆಂದು ಮನೆಯವರಿಗೇ ಗೊತ್ತಾಗದ ಹಾಗೆ ಬೂದಿಯಾಯಿತು. ಹೊಸ ಮನೆಗಳು ಏಳುವ ತನಕ ಊರ ನಡುವಿನ ಚೌಕದಲ್ಲಿ ಇದ್ದುಕೊಳ್ಳಿ ಎಂದು ಅಧಿಕಾರಿ ಅಪ್ಪಣೆ ಕೊಟ್ಟ. ಹಾಗೆ ಬಂದವರಲ್ಲಿ ಒಬ್ಬ ನೇಕಾರ ಹೆಂಗಸಿದ್ದಳು. ಅವಳ ಗಂಡನನ್ನು ಸೈನಿಕರು ಹೊರೆ ಹೊರಲು ಹಿಡಿದುಕೊಂಡು ಹೋಗಿದ್ದರು. ಇದ್ದಾನೋ ಇಲ್ಲವೋ, ಸುದ್ದಿಯಿಲ್ಲ.

ನೇಯುವ ಮೊದಲು ಹಾಸಿನ ನೂಲನ್ನು ಬಯಲಲ್ಲಿ ಉದ್ದಕ್ಕೆ ಎಳೆದು, ಗಂಜಿ ಸವರಿ ಒಣಗಿಸಬೇಕಷ್ಟೆ. ಈ ತುದಿಗೊಬ್ಬರು, ಆ ತುದಿಗೊಬ್ಬರು ಬೇಕು. ಇವಳು ಆ ತುದಿಯನ್ನು ಗೂಟಕ್ಕೆ ಕಟ್ಟುತ್ತಿದ್ದಳು. ಪಕ್ಕದವರು "ನಾವು ಹಿಡೀತೀವಿ ಬಿಡವ್ವ" ಎಂದರೆ, "ಹಿಡಿಯೋರು ಬರ್ತಾರೆ, ನಿಮಗೇನು ಅವಸರ?" ಎಂದು ನಗುತ್ತಿದ್ದಳು. ಊರಿನ ನಾಲ್ಕು ಹೆಬ್ಬಾಗಿಲುಗಳಲ್ಲಿ ಯಾವುದರಿಂದ ಬಂದರೂ ಚೌಕ ಸಿಗುತ್ತದೆ, ಹಾಸು ಕಂಡರೆ ಗಂಡ ನಿಲ್ಲದೆ ಹೋಗುವುದಿಲ್ಲ ಎಂಬುದು ಅವಳ ನಂಬಿಕೆ.

ಎರಡನೆಯ ವರ್ಷ ಮನೆಗಳು ಎದ್ದವು. ಅಧಿಕಾರಿ ಒಳ್ಳೆಯವನೇ. ಊರಾಚೆಯ ಹೊಸ ಬೀದಿಯಲ್ಲಿ ಅವಳಿಗೂ ಹೆಂಚಿನ ಮನೆ ಕೊಟ್ಟ.

"ಸ್ವಾಮಿ, ಆ ಮನೆ ಯಾರಿಗಾದರೂ ಕೊಡಿ. ನನಗೆ ಇಲ್ಲೇ ಒಂದು ಮೂಲೆ ಸಾಕು. ಅವರು ಬಂದರೆ ಇಲ್ಲಿಗೇ ಬರೋದು."

"ಎಲ್ಲರೂ ಎದ್ದರಲ್ಲ ತಾಯಿ, ನಿನಗೊಬ್ಬಳಿಗೆ ಬೇರೆ ಕಾನೂನೇ? ಚೌಕ ಊರಿನದು. ಬಂದವನು ಕೇಳಿಕೊಂಡು ಬರುತ್ತಾನೆ, ಬಾಯಿಲ್ಲವೇ ಅವನಿಗೆ?"

ಅವಳು ಗೂಟ ಕಿತ್ತಳು. ಹೊಸ ಮನೆಯಲ್ಲಿ ಹಾಲು ಉಕ್ಕಿಸಿದಳು. ಹಾಲು ಉಕ್ಕಿಸಿದ ಮನೆಯಲ್ಲಿ ಮೂರು ದಿನ ದೀಪ ಆರಬಾರದೆಂಬುದು ಅವರ ಕೇರಿಯ ಪದ್ಧತಿ. ಮನೆಯಲ್ಲಿ ಇನ್ನೊಂದು ಜೀವವಿಲ್ಲ. ಎಣ್ಣೆ ಹಾಕುತ್ತ ಮೂರು ದಿನ ಅವಳು ಹೊಸಿಲು ದಾಟಲಿಲ್ಲ. ನಾಲ್ಕನೆಯ ಬೆಳಿಗ್ಗೆ ಎದ್ದವಳೇ ಚೌಕಕ್ಕೆ ಓಡಿದಳು. ಚೌಕವನ್ನು ಗುಡಿಸಿ ತೊಳೆದಿದ್ದರು. ಹೂವಿನ ಅಂಗಡಿಗಳು ಬಂದಿದ್ದವು. ಕಾವಲಿಗೆ ಹೊಸಬನೊಬ್ಬ ನಿಂತಿದ್ದ. ಯಾರಾದರೂ ಬಂದಿದ್ದರೇ ಎಂದು ಅವನನ್ನು ಕೇಳಿದಳು.

"ನಿನ್ನೆ ಒಬ್ಬ ಬಂದಿದ್ದ ಕಣವ್ವ. ನೀಲವ್ವ ಅಂತ ನೇಕಾರ ಹೆಂಗಸು ಇಲ್ಲಿದ್ದಾಳೇನು ಎಂದ. ಇಲ್ಲಿ ನೇಕಾರರು ಯಾರೂ ಇಲ್ಲಪ್ಪ ಎಂದೆ. ಕೇರಿಗೆ ಕೇರಿಯೇ ಸುಟ್ಟುಹೋಯಿತು, ಯಾರೂ ಉಳಿಯಲಿಲ್ಲವೆಂದು ದಾರಿಯಲ್ಲಿ ಯಾರೋ ಹೇಳಿದ್ದರಂತೆ. ಹಾಗಾದರೆ ಅದು ನಿಜವೇ ಎಂದವನೇ ಹೊರಟುಹೋದ. ಯಾರವ್ವ ಆ ನೀಲವ್ವ?"

"ಯಾವ ಬಾಗಿಲಿಂದ ಹೋದರು?"

"ನೋಡಲಿಲ್ಲವಲ್ಲವ್ವ."

ನಾಲ್ಕು ದಾರಿಗಳಲ್ಲಿ ಯಾವುದನ್ನು ಹಿಡಿಯುವುದೆಂದು ತಿಳಿಯದೆ ಅವಳು ಚೌಕದ ನಡುವೆಯೇ ನಿಂತಳು.

ಕತೆ ಅಲ್ಲಿಗೆ ನಿಂತಿತು. ಶಿಷ್ಯ, "ಅಧಿಕಾರಿ ಮಾಡಿದ್ದರಲ್ಲಿ ತಪ್ಪೇನು ಬಂತು, ಗುರುಗಳೇ?" ಎಂದ.

ಗುರುಗಳು ಹೇಳಿದರು: "ತಪ್ಪೇನಿಲ್ಲ, ನೀನೂ ನಾಳೆಯೇ ಎಬ್ಬಿಸು, ಆಮೇಲೆ ಕೇಳಿಕೊಂಡು ಬರುವವರಿಗೆ ಉತ್ತರ ಹೇಳಲು ಅಂಗಳದಲ್ಲಿ ನೀನೇ ನಿಲ್ಲಬೇಕು."