ಕೋವಿ ಚೋಮನ ಎರಡನೆಯ ಗುಂಡು

ಕೋವಿಯ ಹೊಟ್ಟೆಯೊಳಗಿನ ಸ್ಪ್ರಿಂಗಿಗೆ ನಮ್ಮ ಕಡೆ ಒಂದು ಹೆಸರಿತ್ತು. ಸುರು... ಸುರುಟೆಯೋ, ಸುರುಂಟಿಯೋ. ನಾಲಗೆಯ ತುದಿಗೆ ಬರುತ್ತದೆ, ಜಾರಿಬಿಡುತ್ತದೆ. ಈ ಬಯಲುಸೀಮೆಗೆ ಬಂದು ಐವತ್ತು ವರ್ಷವಾಯಿತು, ಆ ಮಾತು ಆಡುವವರು ಇಲ್ಲಿ ಒಬ್ಬರೂ ಸಿಗಲಿಲ್ಲ. ಇರಲಿ, ಸ್ಪ್ರಿಂಗು ಅಂತಲೇ ಹೇಳುತ್ತೇನೆ.

ಬಹಳ ಹಿಂದೆ, ಬೆಟ್ಟದ ಸೀಮೆಯ ಒಂದೂರಲ್ಲಿ, ಚೋಮ ಅಂತ ಒಬ್ಬನಿದ್ದನಂತೆ. ಎಷ್ಟು ಹಿಂದೆ ಅಂತ ಕೇಳಬೇಡ ದೇಚೂ, ಹೇಳಿದವರೆಲ್ಲ ಬೇರೆ ಬೇರೆ ಕಾಲ ಹೇಳುತ್ತಿದ್ದರು. ಕೋವಿ ರಿಪೇರಿ ಅವನ ಕಸುಬು. ಹೆಂಡತಿಯಿಲ್ಲ, ಮಕ್ಕಳಿಲ್ಲ. ಗುಡ್ಡದಾಚೆ ಗುಂಡು ಹಾರಿದರೆ ಯಾರ ಮನೆಯ ಕೋವಿ, ಅದಕ್ಕೇನು ಕಾಯಿಲೆ ಅಂತ ಕೂತಲ್ಲೇ ಹೇಳುತ್ತಿದ್ದನಂತೆ.

ಆ ಊರಲ್ಲಿ ಕೋವಿಯಿಲ್ಲದ ಮನೆಯಿರಲಿಲ್ಲ. ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ನಿಂತು ಒಂದು ಗುಂಡು. ಸಾವಾದರೆ ಎರಡು, ಒಂದರ ಬೆನ್ನಿಗೇ ಇನ್ನೊಂದು. ದೂರದವರಿಗೆ ಅದೇ ಓಲೆ. ಒಂದು ಕೇಳಿದರೆ ಹೆಂಗಸರು ಬೆಲ್ಲ ಕಟ್ಟಿಕೊಂಡು ಹೊರಡುತ್ತಿದ್ದರು. ಎರಡು ಕೇಳಿದರೆ ಕೈಯಲ್ಲಿದ್ದ ತುತ್ತು ಬಿಟ್ಟು ಏಳುತ್ತಿದ್ದರು. ಹಳೆಯ ಕೋವಿಗಳಿಗೆ ಒಂದು ಸಲಕ್ಕೆ ಒಂದೇ ಗುಂಡು. ಹಾಗಾಗಿ ಸಾವಿಗೆ ಎರಡು ಕೋವಿ ಹಿಡಿದು ಇಬ್ಬರು ನಿಲ್ಲಬೇಕಿತ್ತು.

ಒಂದು ದಿನ ದೊಡ್ಡಮನೆಯ ಪೂಣಚ್ಚ ಪಟ್ಟಾಳದಿಂದ ರಜೆಗೆ ಬಂದವನು ಒಂದು ಹೊಸ ಬಗೆಯ ಕೋವಿ ತಂದನಂತೆ. ಬೆರಳಿನಡಿಯ ಕುದುರೆ ಒತ್ತಿದರೆ ಗುಂಡು ಹಾರುತ್ತದೆ, ಆ ಹೊಡೆತದ ಬಲಕ್ಕೇ ಬೋಲ್ಟು ಹಿಂದೆ ಸರಿದು ಖಾಲಿ ತೋಟೆಯನ್ನು ಹೊರಗೆಸೆಯುತ್ತದೆ, ಸ್ಪ್ರಿಂಗು ಬೋಲ್ಟನ್ನು ಮುಂದಕ್ಕೆ ತಳ್ಳಿ ಹೊಸ ತೋಟೆಯನ್ನು ಒಳಗೆ ಕೂರಿಸುತ್ತದೆ. ಇನ್ನೊಮ್ಮೆ ಒತ್ತಿದರೆ ಇನ್ನೊಂದು. ಆದರೆ ಅದರ ಸ್ಪ್ರಿಂಗು ಸೋತುಹೋಗಿತ್ತು, ತೋಟೆ ಕಚ್ಚಿ ಎಳೆಯುವ ಕೊಕ್ಕೆಯೂ ಸವೆದಿತ್ತು.

"ಚೋಮ, ಇದು ನಿನ್ನ ಹಂದಿ ಹೊಡೆಯೋ ಕೋವಿಯಲ್ಲ. ಕೈಯಾಡೀತಾ?"

"ಹಂದಿಗೆ ಗೊತ್ತಾಗ್ತದಾ ಅಯ್ಯಾ, ಯಾವ ಕೋವಿ ಅಂತ?" ಅಂದನಂತೆ ಚೋಮ.

ಉಕ್ಕು ಉಜ್ಜಿ ಹೊಸ ಕೊಕ್ಕೆ ಮಾಡಿದ. ಸ್ಪ್ರಿಂಗನ್ನೂ ಹೊಸದಾಗಿ ಸುತ್ತಿದ, ಗಟ್ಟಿಯಿರಲಿ ಅಂತ ಮೂರು ಸುತ್ತು ಹೆಚ್ಚೇ ಸುತ್ತಿದ. ಎರಡನ್ನೂ ಒಟ್ಟಿಗೇ ಹಾಕಿ, ಹಿತ್ತಲಿಗೆ ಹೋಗಿ ಒಂದು ಗುಂಡು ಹಾರಿಸಿ ನೋಡಿದ. ಹಾರಿತು. ಚೋಮನ ಹಿತ್ತಲಿನ ಒಂದು ಗುಂಡು ರಿಪೇರಿಯದು ಅಂತ ಊರಿಗೆ ಗೊತ್ತಿತ್ತು. ಎರಡು ಮಾತ್ರ ಅವನು ಎಂದೂ ಹಾರಿಸಿದವನಲ್ಲ. ಸಾವಿಲ್ಲದೆ ಎರಡು ಹಾರಿಸಿದರೆ ಸಾವನ್ನು ಕರೆದ ಹಾಗೆ. ಖಾಲಿ ತೋಟೆಯನ್ನು ಹಳೆಯ ಅಭ್ಯಾಸದಂತೆ ಕೈಯಲ್ಲೇ ಕಿತ್ತು ತೆಗೆದು, ಕೋವಿ ಒರೆಸಿ ಕೊಟ್ಟುಬಿಟ್ಟ.

ಮಳೆಗಾಲದಲ್ಲಿ ಪೂಣಚ್ಚನ ಅಪ್ಪ ಬೆಳ್ಯಪ್ಪ ತೀರಿಕೊಂಡ. ಪೂಣಚ್ಚ ಅಂಗಳಕ್ಕೆ ಬಂದ. ಈ ಕೋವಿಗೆ ಜೊತೆ ಬೇಡ ಅಂತ ಒಬ್ಬನೇ ನಿಂತ. ಒತ್ತಿದ, ಒಂದು ಹಾರಿತು. ಮತ್ತೆ ಒತ್ತಿದ, ಸದ್ದಿಲ್ಲ. ಖಾಲಿ ತೋಟೆ ಬೋಲ್ಟಿನ ಬಾಯಿಗೆ ಸಿಕ್ಕಿಕೊಂಡು ನಿಂತಿತ್ತು. ಬಡಿದ, ಎಳೆದ. ಒಳಗಿಂದ ಹಳೆಯ ಕೋವಿ ತಂದು ಮದ್ದು ತುಂಬಿ ಹಾರಿಸುವಷ್ಟರಲ್ಲಿ ಅಕ್ಕಪಕ್ಕದವರು ಬೆಲ್ಲದ ಗಂಟು ಹಿಡಿದು ನಗುತ್ತಾ ಗೇಟಿನ ಹತ್ತಿರ ಬಂದಿದ್ದರು. ಪೂಣಚ್ಚನ ಹೆಂಡತಿ ತುಂಬು ಬಸುರಿ, ಅವಳು ಹೆತ್ತಳು ಅಂದುಕೊಂಡಿದ್ದರು ಎಲ್ಲರೂ.

ಹೊಳೆಯಾಚೆ ಬೆಳ್ಯಪ್ಪನ ತಂಗಿ ಚೀಯವ್ವ ಒಬ್ಬಳೇ ಇದ್ದಳು. ಗಂಡ ಸತ್ತು ಬಹಳ ಕಾಲವಾಗಿತ್ತು. ಅವಳಿಗೆ ಉಳಿದವನು ಅಣ್ಣನೊಬ್ಬನೇ. ಮೊದಲು ಯಾರು ಹೋದರೂ ಇನ್ನೊಬ್ಬರು ಬಾಯಿಗೆ ನೀರು ಬಿಡಬೇಕು ಅಂತ ಮಾತಾಗಿತ್ತು. ಅವಳೂ ಒಂದೇ ಗುಂಡು ಕೇಳಿದಳು. ಆಮೇಲೆ ಕೇಳಿದ್ದನ್ನು ಖುಷಿಗೆ ಇನ್ನೊಂದು ಹಾರಿಸಿದರು ಅಂದುಕೊಂಡಳು. ಹೊಳೆ ತುಂಬಿ ಹರಿಯುತ್ತಿತ್ತು, ಹೇಳಲು ಹೊರಟವನು ಬಳಸಿಕೊಂಡು ಹೋಗಿ ಮುಟ್ಟಿದ್ದು ಮಾರನೆಯ ದಿನ. ಅವಳು ಬರುವಾಗ ಚಿತೆ ಆರಿತ್ತು.

ಊರು ಚೋಮನನ್ನು ಏನೂ ಅನ್ನಲಿಲ್ಲ. ಚೀಯವ್ವ ಮಾತ್ರ ಹೋಗುವ ದಾರಿಯಲ್ಲಿ ಅವನ ಬಾಗಿಲಲ್ಲಿ ನಿಂತಳಂತೆ.

"ಒಂದೇ ಕೇಳಿಸ್ತು ಚೋಮ. ನಾನು ಪಾಯಸಕ್ಕೆ ಅಕ್ಕಿ ನೆನೆಹಾಕಿ ಕೂತಿದ್ದೆ."

ಅಷ್ಟೇ ಅಂದು ಹೋದಳು. ಬೈದಿದ್ದರೆ ಅವನು ಊರಲ್ಲೇ ಇರುತ್ತಿದ್ದನೋ ಏನೋ ಅಂತ ನಮ್ಮಜ್ಜಿ ಹೇಳುತ್ತಿದ್ದಳು.

ಚೋಮ ಪೂಣಚ್ಚನಿಂದ ಆ ಕೋವಿಯನ್ನು ಕೇಳಿ ಪಡೆದು, ಹೆಗಲಿಗೇರಿಸಿ, ಗುಡ್ಡಗಳ ನಡುವಿನ ಕೊಲ್ಲಿಗೆ ಇಳಿದನಂತೆ. ಅಲ್ಲಿ ನೀರು ಎತ್ತರದಿಂದ ಬೀಳುತ್ತದೆ, ಆ ಸದ್ದಿನಲ್ಲಿ ಪಿರಂಗಿ ಹೊಡೆದರೂ ಮೇಲಿನವರಿಗೆ ಕೇಳಿಸುವುದಿಲ್ಲ. ಎರಡು ಭಾಗ ಒಟ್ಟಿಗೇ ಬದಲಿಸಿದ್ದಕ್ಕೆ ಯಾವುದರ ತಪ್ಪು ಅಂತ ತಿಳಿಯುತ್ತಿರಲಿಲ್ಲ. ಹಳೆಯ ಕೊಕ್ಕೆ ತಿರುಗಿ ಹಾಕಿ ಹೊಡೆದ. ಸಿಕ್ಕಿಕೊಂಡಿತು. ಹೊಸ ಕೊಕ್ಕೆಗೆ ಹಳೆಯ ಸ್ಪ್ರಿಂಗು ಕೂಡಿಸಿ ಹೊಡೆದ. ಖಾಲಿ ತೋಟೆ ಮಾರು ದೂರ ಹಾರಿ ಬಂಡೆಗೆ ಬಿತ್ತು, ಬೋಲ್ಟು ತಡವರಿಸುತ್ತಾ ಮುಂದೆ ಬಂದರೂ ಎರಡನೆಯದೂ ಹಾರಿತು. ಆಗ ತಿಳಿಯಿತು. ಸ್ಪ್ರಿಂಗು ಸೋತಿದ್ದರೆ ಬೋಲ್ಟು ಮುಂದಕ್ಕೆ ಬರಲು ಒದ್ದಾಡುತ್ತದೆ, ಗಟ್ಟಿ ಹೆಚ್ಚಾದರೆ ಪೂರ್ತಿ ಹಿಂದೆ ಹೋಗುವ ಮೊದಲೇ ಮರಳಿಬಿಡುತ್ತದೆ. ಹೊಸ ಸ್ಪ್ರಿಂಗಿನಲ್ಲಿ ಒಂದು ಸುತ್ತು ಕತ್ತರಿಸಿದ, ಹೊಡೆದ. ಇನ್ನೊಂದು ಕತ್ತರಿಸಿದ, ಹೊಡೆದ. ಮೂರೂ ಹೋದ ಮೇಲೆ ಎರಡು ಗುಂಡು ಒಂದೇ ಉಸಿರಿಗೆ ಹಾರಿದವು.

ಕೋವಿ ಸರಿಯಾಯಿತು, ಚೋಮ ಮಾತ್ರ ಮೇಲೆ ಬರಲಿಲ್ಲ. ಬಂಡೆಯ ಪಕ್ಕದಲ್ಲೇ ಗುಡಿಸಲು ಹಾಕಿಕೊಂಡ. ಜನ ಕೋವಿ ತಂದು ಬಂಡೆಯ ಮೇಲಿಟ್ಟು ಹೋಗುವರು, ವಾರ ಬಿಟ್ಟು ಒಯ್ಯುವರು. ಯಾವ ಕೋವಿಯಾದರೂ ಅವನು ಎರಡು ಹಾರಿಸಿಯೇ ಕೊಡುತ್ತಿದ್ದ. ಸಾವಿರ ಸಲ ಎರಡು ಹಾರಿಸಿದನಂತೆ, ಒಂದೂ ಯಾರಿಗೂ ಕೇಳಿಸಲಿಲ್ಲವಂತೆ. ನೀರಿನ ಸದ್ದಿಗೆ ಅವನ ಕಿವಿಯೂ ಹೋಯಿತು. ಕೊನೆಕೊನೆಗೆ ಖಾಲಿ ತೋಟೆ ಎಷ್ಟು ದೂರ ಬಿತ್ತು ಅಂತ ಕಣ್ಣಿನಲ್ಲೇ ನೋಡಿ ಕೋವಿಯ ಗುಣ ತಿಳಿಯುತ್ತಿದ್ದನಂತೆ.

ಒಂದು ಬೆಳಿಗ್ಗೆ ಹೊಳೆಯಾಚೆ ಚೀಯವ್ವ ಎದ್ದು ಕೂತಳು. ಆಗ ಅವಳು ಹಣ್ಣು ಮುದುಕಿ. ಎರಡು ಗುಂಡು ಕೇಳಿಸಿತು, ಒಂದರ ಬೆನ್ನಿಗೇ ಇನ್ನೊಂದು, ಕೊಲ್ಲಿಯ ಕಡೆಯಿಂದ ಅಂದಳು. ಪಕ್ಕದ ಮನೆಯವರು ನಕ್ಕರು. "ಪಕ್ಕದಲ್ಲಿ ಗುಡುಗಿದರೂ ನಿಂಗೆ ಕೇಳಲ್ಲ ಅವ್ವಾ, ಕೊಲ್ಲಿ ಗುಂಡು ಕೇಳಿಸ್ತಾ?"

"ನಗ್ರೋ ನಗ್ರಿ. ನಾನು ಒಂದು ಸಲ ಕೂತೇ ಕೆಟ್ಟೆ," ಅಂದವಳು ಚೊಂಬಿನಲ್ಲಿ ನೀರು ತುಂಬಿಕೊಂಡು ಕೋಲೂರಿ ಹೊರಟಳಂತೆ.

ಚೋಮ ಬಂಡೆಗೆ ಒರಗಿ ಕೂತಿದ್ದ, ಜೀವವಿರಲಿಲ್ಲ. ಕಾಲ ಬಳಿ ಎರಡು ಖಾಲಿ ತೋಟೆ. ಇನ್ನೂ ಬಿಸಿಯಿದ್ದವು ಅನ್ನುವವರಿದ್ದಾರೆ, ಹೊಳೆಯ ಕಲ್ಲಿನಂತೆ ತಣ್ಣಗಿದ್ದವು ಅನ್ನುವವರೂ ಇದ್ದಾರೆ. ಅಣ್ಣನಿಗೆ ಬಿಡಬೇಕಿದ್ದ ನೀರನ್ನು ಅವಳು ಅವನ ಬಾಯಿಗೆ ಬಿಟ್ಟಳು. "ಎರಡೂ ಕೇಳಿಸ್ತು ಚೋಮ," ಅಂದಳಂತೆ.

ಈಗಲೂ ಆ ಊರಲ್ಲಿ ರಿಪೇರಿಯಾದ ಕೋವಿಯನ್ನು ಕೊಲ್ಲಿಗೆ ಒಯ್ದು ಎರಡು ಹಾರಿಸದೆ ಮನೆಗೆ ತರುವುದಿಲ್ಲ. ಒಂದು ಖಾಲಿ ತೋಟೆಯನ್ನು ಬಂಡೆಯ ಮೇಲಿಟ್ಟು ಬರುತ್ತಾರೆ. ಎಲ್ಲಾದರೂ ಗುಂಡಿನ ಸದ್ದು ಕೇಳಿದರೆ ಯಾರೂ ತಕ್ಷಣ ನಗುವುದಿಲ್ಲ, ಉಸಿರು ಹಿಡಿದು ಕಾಯುತ್ತಾರೆ. ಎರಡನೆಯದೂ ಬಂತೋ, ಇದ್ದಲ್ಲೇ ಎದ್ದು ನಿಂತು "ಎರಡೂ ಕೇಳಿಸ್ತು" ಅನ್ನುತ್ತಾರೆ. ಅಂದೇ ಹೊರಡುತ್ತಾರೆ.

ನಾನು ಹೋದರೆ ಇಲ್ಲಿ ನನ್ನ ಪಾಲಿನ ಎರಡು ಹಾರಿಸುವವರಿಲ್ಲ, ಹಾರಿಸಿದರೂ ಅಲ್ಲಿಯವರೆಗೆ ಕೇಳಿಸಲಿಕ್ಕಿಲ್ಲ. ದೇಚೂ, ಪುಸ್ತಕ ತಗೋ ಮಗಳೇ. ಆ ಸ್ಪ್ರಿಂಗಿನ ಹೆಸರಿಗೆ ಒಂದಿಷ್ಟು ಜಾಗ ಬಿಡು, ನೆನಪಾದರೆ ಹೇಳುತ್ತೇನೆ. ಉಳಿದದ್ದನ್ನು ಬರೆದುಕೋ.