ಟ್ಯಾಬು ಉಣ್ಣುತ್ತಿದೆ, ಎಬ್ಬಿಸಬೇಡಿ

ಎಲ್ಲರೂ ಕಾಲು ಮಡಚಿ ಕೂತಿರಾ? ಗದ್ದಲ ಮಾಡುವವರು ಒಂದು ಸಲ ಆಕಳಿಸಿಬಿಡಿ. ಆಯಿತಾ? ಇನ್ನು ಕೇಳಿ.

ಒಂದೂರು. ಊರಲ್ಲಿ ಒಂದು ಮನೆ. ಮನೆಯಲ್ಲಿ ಒಂದು ತೊಟ್ಟಿಲು. ತೊಟ್ಟಿಲಲ್ಲಿ ಒಂದು ಕೂಸು. ಕೂಸಿನ ಹೆಸರು ಹಾಲೇಶ. ತೊಟ್ಟಿಲು ತೂಗುವವಳು ಅವನ ಅಕ್ಕ. ಅಕ್ಕನ ಹೆಸರು ಕೊಟ್ರಮ್ಮ. ಎಲ್ಲರೂ ಕರೆಯುವುದು ಕೊಟ್ರಿ.

ಹಾಲೇಶನಿಗೆ ಅಜ್ಜಿಯ ಜೋಗುಳ ಬೇಕು. ಅದು ಕಿವಿಗೆ ಬಿದ್ದರೆ ಮಲಗಿದ. ಬೀಳದಿದ್ದರೆ ಇಲ್ಲ.

ಆದರೆ ಅಜ್ಜಿ ಊರಲ್ಲಿಲ್ಲ. ಅತ್ತೆಯ ಬಾಣಂತನಕ್ಕೆ ಹೋಗಿದ್ದಾಳೆ. ಹೋಗುವ ಮುಂಚೆ ಟ್ಯಾಬಿನ ಮುಂದೆ ಕೂತು ಜೋಗುಳ ಹಾಡಿದಳು. ಟ್ಯಾಬು ಆ ಹಾಡನ್ನು ಹಾಗೇ ಹಿಡಿದಿಟ್ಟುಕೊಂಡಿತು.

“ಕೊಟ್ರಿ, ದಿನಾ ದೀಪ ಹಚ್ಚಿದ ಮೇಲೆ ತಮ್ಮನಿಗೆ ಹಾಡು ಕೇಳಿಸು. ತೊಟ್ಟಿಲು ನಿನಗೆ ಒಪ್ಪಿಸಿದ್ದೀನಿ,” ಅಂದಳು ಅಜ್ಜಿ.

“ಹೂಂ ಅಜ್ಜಿ,” ಅಂದಳು ಕೊಟ್ರಿ.

ಒಂದು ದಿನ ಕೊಟ್ರಿ ಬೆಳಗಿನಿಂದ ಎಲ್ಲರಿಗೂ ಹಾಡು ಕೇಳಿಸಿದಳು. ಕೋಳಿಗೆ ಕೇಳಿಸಿದಳು. ಕೋಳಿ ಮಲಗಿತು. ಕರುವಿಗೆ ಕೇಳಿಸಿದಳು. ಕರು ಮಲಗಿತು. ನಾಯಿಗೆ ಕೇಳಿಸಿದಳು. ನಾಯಿ ಮಲಗಿತು. ಕೊನೆಗೆ ಟ್ಯಾಬೂ ಮಲಗಿಬಿಟ್ಟಿತು. ಅದರ ಮುಖ ಕಪ್ಪಗಾಯಿತು. ಹಾಡು ನಿಂತಿತು.

ಹೊತ್ತು ಇಳಿಯುತ್ತಾ ಬಂತು. ತೊಟ್ಟಿಲಲ್ಲಿ ಹಾಲೇಶ ರಾಗ ತೆಗೆದ.

ಅವ್ವ ಅಡುಗೆಗೆ ಕೂತಿದ್ದಳು. ತೊಟ್ಟಿಲ ಹಗ್ಗ ಅವಳ ಕಾಲಿನ ಹೆಬ್ಬೆರಳಿಗೆ ಕಟ್ಟಿತ್ತು. ಕೈ ಅಕ್ಕಿ ತೊಳೆಯಿತು. ಕಾಲು ತೊಟ್ಟಿಲು ತೂಗಿತು. ಬಾಯಿ ಜೋಗುಳ ಹಾಡಿತು. ಹಾಲೇಶ ಇನ್ನೂ ಜೋರಾಗಿ ಅತ್ತ.

“ನೋಡೇ, ನನ್ನ ರಾಗಕ್ಕೆ ಬೆದರ್ತಾನೆ ಇವನು,” ಅಂದಳು ಅವ್ವ. “ನಿಮ್ಮಜ್ಜಿ ಹಾಡೇ ಬೇಕು. ಅಪ್ಪನ ಫೋನು ಅಪ್ಪನ ಜೇಬಿನಲ್ಲಿ. ಅಪ್ಪ ಸಂತೆಯಲ್ಲಿ. ಆ ಟ್ಯಾಬು ಏಳಿಸು ಹೋಗು.”

ಕೊಟ್ರಿ ಟ್ಯಾಬಿನ ಹತ್ತಿರ ಹೋದಳು. ಗುಂಡಿ ಒತ್ತಿದಳು. ಏಳಲಿಲ್ಲ. ಮತ್ತೆ ಒತ್ತಿದಳು. ಏಳಲಿಲ್ಲ.

“ಟ್ಯಾಬೇ ಟ್ಯಾಬೇ, ಏಳು.
ಟ್ಯಾಬು ಎದ್ದರೆ ಅಜ್ಜಿ ಹಾಡುತ್ತಾಳೆ.
ಅಜ್ಜಿ ಹಾಡಿದರೆ ಹಾಲೇಶ ಮಲಗುತ್ತಾನೆ.”

ಟ್ಯಾಬು ಅಂದಿತು, “ಬೆಳಗಿನಿಂದ ಹಾಡಿದೆ. ಹೊಟ್ಟೆ ಪೂರ್ತಿ ಖಾಲಿ. ನಾನು ಏಳಲಾರೆ. ಚಾರ್ಜರನ್ನು ಕೇಳು.”

ಕೊಟ್ರಿ ಚಾರ್ಜರಿನ ಹತ್ತಿರ ಹೋದಳು.

“ಚಾರ್ಜರೇ ಚಾರ್ಜರೇ, ಉಣಿಸು.
ಚಾರ್ಜರು ಉಣಿಸಿದರೆ ಟ್ಯಾಬು ಏಳುತ್ತೆ.
ಟ್ಯಾಬು ಎದ್ದರೆ ಅಜ್ಜಿ ಹಾಡುತ್ತಾಳೆ.
ಅಜ್ಜಿ ಹಾಡಿದರೆ ಹಾಲೇಶ ಮಲಗುತ್ತಾನೆ.”

ಚಾರ್ಜರು ಅಂದಿತು, “ಬಡಿಸಿದ್ದನ್ನು ಉಣಿಸುವವನು ನಾನು. ಬಡಿಸದೆ ಏನು ಉಣಿಸಲಿ? ಪ್ಲಗ್ಗನ್ನು ಕೇಳು.”

ಕೊಟ್ರಿ ಪ್ಲಗ್ಗಿನ ಹತ್ತಿರ ಹೋದಳು.

“ಪ್ಲಗ್ಗೇ ಪ್ಲಗ್ಗೇ, ಬಡಿಸು.
ಪ್ಲಗ್ಗು ಬಡಿಸಿದರೆ ಚಾರ್ಜರು ಉಣಿಸುತ್ತೆ.
ಚಾರ್ಜರು ಉಣಿಸಿದರೆ ಟ್ಯಾಬು ಏಳುತ್ತೆ.
ಟ್ಯಾಬು ಎದ್ದರೆ ಅಜ್ಜಿ ಹಾಡುತ್ತಾಳೆ.
ಅಜ್ಜಿ ಹಾಡಿದರೆ ಹಾಲೇಶ ಮಲಗುತ್ತಾನೆ.”

ಪ್ಲಗ್ಗು ಅಂದಿತು, “ಮಧ್ಯಾಹ್ನದಿಂದ ನನ್ನ ಪಾತ್ರೆ ಬರಿದು. ಕರೆಂಟು ಬಂದಿಲ್ಲ. ಬೀದಿಯ ಕಂಬವನ್ನು ಕೇಳು.”

ಕೊಟ್ರಿ ಬೀದಿಗೆ ಹೋದಳು. ಕಂಬದ ಕೆಳಗೆ ನಿಂತು ಕತ್ತು ಎತ್ತಿದಳು.

“ಕಂಬವೇ ಕಂಬವೇ, ಕರೆಂಟು ಕೊಡು.
ಕಂಬ ಕರೆಂಟು ಕೊಟ್ಟರೆ ಪ್ಲಗ್ಗು ಬಡಿಸುತ್ತೆ.
ಪ್ಲಗ್ಗು ಬಡಿಸಿದರೆ ಚಾರ್ಜರು ಉಣಿಸುತ್ತೆ.
ಚಾರ್ಜರು ಉಣಿಸಿದರೆ ಟ್ಯಾಬು ಏಳುತ್ತೆ.
ಟ್ಯಾಬು ಎದ್ದರೆ ಅಜ್ಜಿ ಹಾಡುತ್ತಾಳೆ.
ಅಜ್ಜಿ ಹಾಡಿದರೆ ಹಾಲೇಶ ಮಲಗುತ್ತಾನೆ.”

ಕಂಬ ಅಂದಿತು, “ಗಾಳಿ ಬೀಸಿತು. ನನ್ನ ತಲೆ ಮೇಲಿನ ಫ್ಯೂಸು ಹೋಯಿತು. ನನ್ನ ತಲೆ ನನಗೆ ಎಟುಕುತ್ತದೆಯೇ? ಲೈನ್‌ಮನ್ನನ್ನು ಕೇಳು.”

ಆ ಊರಿನ ಲೈನ್‌ಮನ್ ತಿಪ್ಪಣ್ಣ. ಕೊಟ್ರಿಗೆ ತಿಪ್ಪಣ್ಣ ಮಾಮ. ಅವನು ಕಟ್ಟೆಯ ಮೇಲೆ ಕೂತು ದಾರಿ ನೋಡುತ್ತಿದ್ದ.

“ಮಾಮ ಮಾಮ, ಕಂಬ ಹತ್ತು.
ಮಾಮ ಹತ್ತಿದರೆ ಕಂಬ ಕರೆಂಟು ಕೊಡುತ್ತೆ.
ಕಂಬ ಕರೆಂಟು ಕೊಟ್ಟರೆ ಪ್ಲಗ್ಗು ಬಡಿಸುತ್ತೆ.
ಪ್ಲಗ್ಗು ಬಡಿಸಿದರೆ ಚಾರ್ಜರು ಉಣಿಸುತ್ತೆ.
ಚಾರ್ಜರು ಉಣಿಸಿದರೆ ಟ್ಯಾಬು ಏಳುತ್ತೆ.
ಟ್ಯಾಬು ಎದ್ದರೆ ಅಜ್ಜಿ ಹಾಡುತ್ತಾಳೆ.
ಅಜ್ಜಿ ಹಾಡಿದರೆ ಹಾಲೇಶ ಮಲಗುತ್ತಾನೆ.”

ತಿಪ್ಪಣ್ಣ ಮಾಮ ಅಂದ, “ಹತ್ತೋಕೆ ನಾನೇನು ಕೋತಿಯಾ ಕೊಟ್ರಿ? ಏಣಿ ಬೇಕಲ್ಲ. ಏಣಿ ಬಸಜ್ಜ ಇಸ್ಕೊಂಡು ಹೋದ. ಗುಡಿ ಗೋಡೆಗೆ ಸುಣ್ಣ ಹೊಡೀತಾನಂತೆ. ಬಸಜ್ಜನ್ನ ಕೇಳು.”

ಕೊಟ್ರಿ ಗುಡಿಗೆ ಹೋದಳು. ಹೊಸಿಲಿಗೆ ಕೈ ಮುಗಿದಳು. ಗುಡಿ ಗೋಡೆಗೆ ಏಣಿ ಒರಗಿತ್ತು. ಏಣಿಯ ಕಾಲಿಗೆ ಒಂದು ಮೇಕೆ ಒರಗಿತ್ತು. ಪಕ್ಕದಲ್ಲಿ ಬಸಜ್ಜ ಕೂತಿದ್ದ. ಮೀಸೆಗೆಲ್ಲ ಸುಣ್ಣ.

“ಅಜ್ಜ ಅಜ್ಜ, ಏಣಿ ಕೊಡು.
ಬಸಜ್ಜ ಏಣಿ ಕೊಟ್ಟರೆ ಮಾಮ ಹತ್ತುತ್ತಾನೆ.
ಮಾಮ ಹತ್ತಿದರೆ ಕಂಬ ಕರೆಂಟು ಕೊಡುತ್ತೆ.
ಕಂಬ ಕರೆಂಟು ಕೊಟ್ಟರೆ ಪ್ಲಗ್ಗು ಬಡಿಸುತ್ತೆ.
ಪ್ಲಗ್ಗು ಬಡಿಸಿದರೆ ಚಾರ್ಜರು ಉಣಿಸುತ್ತೆ.
ಚಾರ್ಜರು ಉಣಿಸಿದರೆ ಟ್ಯಾಬು ಏಳುತ್ತೆ.
ಟ್ಯಾಬು ಎದ್ದರೆ ಅಜ್ಜಿ ಹಾಡುತ್ತಾಳೆ.
ಅಜ್ಜಿ ಹಾಡಿದರೆ ಹಾಲೇಶ ಮಲಗುತ್ತಾನೆ.”

ಬಸಜ್ಜ ಅಂದ, “ಸುಣ್ಣ ಹೊಡೆದಾಯ್ತು ತಾಯಿ. ಏಣಿ ತಗೊಂಡು ಹೋಗು. ಆದ್ರೆ ಈ ಮಹಾರಾಣಿ ಏಳಬೇಕಲ್ಲ. ಅರ್ಧ ಊಟ ಆಗಿದೆ. ಸೊಪ್ಪು ಮುಗೀತು. ಇನ್ನರ್ಧಕ್ಕೆ ಕಾಯ್ತಿದ್ದಾಳೆ.”

“ಎಬ್ಬಿಸಿಬಿಡು ಅಜ್ಜ.”

“ಊಟಕ್ಕೆ ಕೂತವರನ್ನು ನಡುವೆ ಎಬ್ಬಿಸ್ತಾರಾ? ಮನುಷ್ಯರಾದರೂ ಅಷ್ಟೇ, ಮೇಕೆಯಾದರೂ ಅಷ್ಟೇ. ನಿಮ್ಮಜ್ಜಿ ಹೇಳಿಕೊಟ್ಟಿಲ್ವಾ? ನೋಡು, ನಾನೂ ಕೂತಿದ್ದೀನಿ. ಅವಳನ್ನೇ ಕೇಳು.”

ಕೊಟ್ರಿ ಮೇಕೆಯ ಮುಂದೆ ಕುಕ್ಕುರುಗಾಲಲ್ಲಿ ಕೂತಳು.

“ಮೇಕೆ ಮೇಕೆ, ಏಳು.
ಮೇಕೆ ಎದ್ದರೆ ಬಸಜ್ಜ ಏಣಿ ಕೊಡ್ತಾನೆ.
ಬಸಜ್ಜ ಏಣಿ ಕೊಟ್ಟರೆ ಮಾಮ ಹತ್ತುತ್ತಾನೆ.
ಮಾಮ ಹತ್ತಿದರೆ ಕಂಬ ಕರೆಂಟು ಕೊಡುತ್ತೆ.
ಕಂಬ ಕರೆಂಟು ಕೊಟ್ಟರೆ ಪ್ಲಗ್ಗು ಬಡಿಸುತ್ತೆ.
ಪ್ಲಗ್ಗು ಬಡಿಸಿದರೆ ಚಾರ್ಜರು ಉಣಿಸುತ್ತೆ.
ಚಾರ್ಜರು ಉಣಿಸಿದರೆ ಟ್ಯಾಬು ಏಳುತ್ತೆ.
ಟ್ಯಾಬು ಎದ್ದರೆ ಅಜ್ಜಿ ಹಾಡುತ್ತಾಳೆ.
ಅಜ್ಜಿ ಹಾಡಿದರೆ ಹಾಲೇಶ ಮಲಗುತ್ತಾನೆ.”

ಮೇಕೆ ಅಂದಿತು, “ಮ್ಯಾ. ಅರ್ಧ ಹೊಟ್ಟೆಯಲ್ಲಿ ಯಾರಾದರೂ ಏಳುತ್ತಾರಾ? ಇನ್ನೊಂದು ಹಿಡಿ ಸೊಪ್ಪು ಬೇಕು. ನುಗ್ಗೆಮರವನ್ನು ಕೇಳು.”

ನುಗ್ಗೆಮರ ಕೊಟ್ರಿಯ ಹಿತ್ತಲಲ್ಲೇ ಇತ್ತು. ಕೊಟ್ರಿ ಓಡಿದಳು.

“ಮರವೇ ಮರವೇ, ಸೊಪ್ಪು ಕೊಡು.
ಮರ ಸೊಪ್ಪು ಕೊಟ್ಟರೆ ಮೇಕೆ ಏಳುತ್ತೆ.
ಮೇಕೆ ಎದ್ದರೆ ಬಸಜ್ಜ ಏಣಿ ಕೊಡ್ತಾನೆ.
ಬಸಜ್ಜ ಏಣಿ ಕೊಟ್ಟರೆ ಮಾಮ ಹತ್ತುತ್ತಾನೆ.
ಮಾಮ ಹತ್ತಿದರೆ ಕಂಬ ಕರೆಂಟು ಕೊಡುತ್ತೆ.
ಕಂಬ ಕರೆಂಟು ಕೊಟ್ಟರೆ ಪ್ಲಗ್ಗು ಬಡಿಸುತ್ತೆ.
ಪ್ಲಗ್ಗು ಬಡಿಸಿದರೆ ಚಾರ್ಜರು ಉಣಿಸುತ್ತೆ.
ಚಾರ್ಜರು ಉಣಿಸಿದರೆ ಟ್ಯಾಬು ಏಳುತ್ತೆ.
ಟ್ಯಾಬು ಎದ್ದರೆ ಅಜ್ಜಿ ಹಾಡುತ್ತಾಳೆ.
ಅಜ್ಜಿ ಹಾಡಿದರೆ ಹಾಲೇಶ ಮಲಗುತ್ತಾನೆ.”

ಮರ ಅಂದಿತು, “ದಿನಾ ನಿಮ್ಮಜ್ಜಿ ಒಂದು ಚೊಂಬು ನೀರು ಹಾಕಿ ಆಮೇಲೆ ಸೊಪ್ಪು ಮುರೀತಿದ್ದಳು. ಅವಳು ಹೋದ ಮೇಲೆ ಯಾರೂ ಹಾಕಿಲ್ಲ. ಮೊದಲು ನೀರು. ನಲ್ಲಿಯನ್ನು ಕೇಳು.”

ಕೊಟ್ರಿ ನಲ್ಲಿಯ ಹತ್ತಿರ ಹೋದಳು. ಅದರ ಕಿವಿ ತಿರುಗಿಸಿದಳು. ನಲ್ಲಿ ಸುಂಯ್ ಅಂದಿತು. ಹನಿ ಬೀಳಲಿಲ್ಲ.

“ನಲ್ಲಿಯೇ ನಲ್ಲಿಯೇ, ನೀರು ಸುರಿ.
ನಲ್ಲಿ ನೀರು ಸುರಿದರೆ ಮರ ಸೊಪ್ಪು ಕೊಡುತ್ತೆ.
ಮರ ಸೊಪ್ಪು ಕೊಟ್ಟರೆ ಮೇಕೆ ಏಳುತ್ತೆ.
ಮೇಕೆ ಎದ್ದರೆ ಬಸಜ್ಜ ಏಣಿ ಕೊಡ್ತಾನೆ.
ಬಸಜ್ಜ ಏಣಿ ಕೊಟ್ಟರೆ ಮಾಮ ಹತ್ತುತ್ತಾನೆ.
ಮಾಮ ಹತ್ತಿದರೆ ಕಂಬ ಕರೆಂಟು ಕೊಡುತ್ತೆ.
ಕಂಬ ಕರೆಂಟು ಕೊಟ್ಟರೆ ಪ್ಲಗ್ಗು ಬಡಿಸುತ್ತೆ.
ಪ್ಲಗ್ಗು ಬಡಿಸಿದರೆ ಚಾರ್ಜರು ಉಣಿಸುತ್ತೆ.
ಚಾರ್ಜರು ಉಣಿಸಿದರೆ ಟ್ಯಾಬು ಏಳುತ್ತೆ.
ಟ್ಯಾಬು ಎದ್ದರೆ ಅಜ್ಜಿ ಹಾಡುತ್ತಾಳೆ.
ಅಜ್ಜಿ ಹಾಡಿದರೆ ಹಾಲೇಶ ಮಲಗುತ್ತಾನೆ.”

ನಲ್ಲಿ ಅಂದಿತು, “ಮೋಟಾರು ಓಡಿದರೆ ನನಗೆ ನೀರು. ಕರೆಂಟು ಬಂದರೆ ಮೋಟಾರು ಓಡುವುದು. ಕಂಬವನ್ನು ಕೇಳು.”

ಅಯ್ಯೋ ಶಿವನೇ. ಕೊಟ್ರಿ ಕಂಬದಿಂದ ಹೊರಟಿದ್ದಳು. ಊರು ಸುತ್ತಿದಳು. ಕಂಬಕ್ಕೇ ಬಂದು ನಿಂತಳು. ಇನ್ನು ಯಾರನ್ನು ಕೇಳುವುದು?

ಕಾಲು ಎಳೆಯುತ್ತಾ ಮನೆಗೆ ಬಂದಳು. ಬಾಗಿಲಲ್ಲಿ ಕುಸಿದು ಕೂತಳು.

“ಅವ್ವಾ, ನೀರು ಬೇಕು. ನೀರಿಗೆ ಕರೆಂಟು ಬೇಕು. ಕರೆಂಟಿಗೆ ನೀರು ಬೇಕು.”

ಅವ್ವ ನಕ್ಕಳು. “ಎಷ್ಟು ನೀರೇ?”

“ಒಂದು ಚೊಂಬು.”

“ಅಷ್ಟಕ್ಕೆ ಊರೆಲ್ಲ ಸುತ್ತಿದೆಯಾ? ಅಕ್ಕಿ ತೊಳೆದ ನೀರು ಇಲ್ಲೇ ಇದೆ. ನಿಮ್ಮಜ್ಜಿ ಹಾಕ್ತಿದ್ದದ್ದೂ ಇದನ್ನೇ. ತಗೊಂಡು ಹೋಗು.”

ಅವ್ವ ನೀರು ಕೊಟ್ಟಳು. ಮರ ಗಟಗಟ ಕುಡಿಯಿತು. ಕೊಂಬೆ ಬಗ್ಗಿಸಿ ಸೊಪ್ಪು ಕೊಟ್ಟಿತು.

ಕೊಟ್ರಿ ಸೊಪ್ಪು ಹಿಡಿದು ಗುಡಿಗೆ ಓಡಿದಳು. ಮೇಕೆಯ ಮುಂದೆ ಇಟ್ಟಳು. ಮೇಕೆ ಒಂದು ಎಲೆ ತಿಂದಿತು. ಕೊಟ್ರಿ ಅದರ ಕೊರಳ ಹಗ್ಗ ಎಳೆದಳು. “ಏಳೇ, ಹೊತ್ತಾಯ್ತು.”

ಮೇಕೆ ಕಾಲು ಊರಿ ಕೂತುಬಿಟ್ಟಿತು. ತಿನ್ನುವುದನ್ನೂ ನಿಲ್ಲಿಸಿತು.

“ಹಗ್ಗ ಬಿಡು ತಾಯಿ,” ಅಂದ ಬಸಜ್ಜ. “ಎಳೆದರೆ ತಿನ್ನೋದೂ ಇಲ್ಲ, ಏಳೋದೂ ಇಲ್ಲ. ಸುಮ್ಮನೆ ಪಕ್ಕದಲ್ಲಿ ಕೂತ್ಕೋ.”

ಕೊಟ್ರಿ ಕೈ ಕಟ್ಟಿ ಕೂತಳು. ಮೇಕೆ ತಿಂದಿತು. ಇನ್ನಷ್ಟು ತಿಂದಿತು. ಮೆಲುಕು ಹಾಕಿತು. ಆಮೇಲೆ ತಾನಾಗಿಯೇ ಎದ್ದಿತು.

ಮೇಕೆ ಎದ್ದಿತು, ಬಸಜ್ಜ ಏಣಿ ಕೊಟ್ಟ.
ಬಸಜ್ಜ ಏಣಿ ಕೊಟ್ಟ, ತಿಪ್ಪಣ್ಣ ಮಾಮ ಹತ್ತಿದ.
ಮಾಮ ಹತ್ತಿದ, ಕಂಬ ಕರೆಂಟು ಕೊಟ್ಟಿತು.
ಕಂಬ ಕರೆಂಟು ಕೊಟ್ಟಿತು, ಪ್ಲಗ್ಗು ಬಡಿಸಿತು.
ಪ್ಲಗ್ಗು ಬಡಿಸಿತು, ಚಾರ್ಜರು ಉಣಿಸಿತು.
ಚಾರ್ಜರು ಉಣಿಸಿತು, ಟ್ಯಾಬು...

ಟ್ಯಾಬು ಏಳಲಿಲ್ಲ.

ಕೊಟ್ರಿ ಗುಂಡಿ ಒತ್ತಿದಳು. ಏಳಲಿಲ್ಲ. ವೈರು ಕಿತ್ತಳು, ಮತ್ತೆ ಚುಚ್ಚಿದಳು. ಗುಂಡಿ ಒತ್ತಿದಳು. ಏಳಲಿಲ್ಲ. ವೈರು ಕಿತ್ತಳು, ಮತ್ತೆ ಚುಚ್ಚಿದಳು. ಮುಖ ಕಪ್ಪಗೇ ಇತ್ತು. ತೊಟ್ಟಿಲಲ್ಲಿ ಹಾಲೇಶ ಅತ್ತು ಅತ್ತು ಬಿಕ್ಕುತ್ತಿದ್ದ.

“ಪ್ಲಗ್ಗೇ, ಬಡಿಸಿದೆಯಾ?”

“ಬಡಿಸಿದೆ.”

“ಚಾರ್ಜರೇ, ಉಣಿಸಿದೆಯಾ?”

“ಎಲ್ಲಿ ಉಣಿಸಲಿ? ಒಂದು ತುತ್ತು ಇಡ್ತೀನಿ, ನೀನು ಎಬ್ಬಿಸ್ತೀಯ. ಇನ್ನೊಂದು ತುತ್ತು ಇಡ್ತೀನಿ, ಮತ್ತೆ ಎಬ್ಬಿಸ್ತೀಯ.”

ಕೊಟ್ರಿಯ ಕೈ ಗುಂಡಿಯ ಮೇಲೇ ನಿಂತಿತು. ಅವಳಿಗೆ ಮೇಕೆ ನೆನಪಾಯಿತು. ಎಳೆದ ಹಗ್ಗ ನೆನಪಾಯಿತು.

ಮೆಲ್ಲಗೆ ಕೈ ತೆಗೆದಳು. ವೈರು ಸರಿಯಾಗಿ ಚುಚ್ಚಿದಳು. ಟ್ಯಾಬನ್ನು ಮಣೆಯ ಮೇಲೆ ಇಟ್ಟಳು, ಊಟಕ್ಕೆ ಕೂತವರ ಹಾಗೆ. ಪಕ್ಕದಲ್ಲಿ ಕೈ ಕಟ್ಟಿ ಕೂತಳು.

“ಗುಂಡಿ ಒತ್ತೇ ಕೊಟ್ರಿ,” ಅಂದಳು ಅವ್ವ.

“ಷ್. ಟ್ಯಾಬು ಉಣ್ಣುತ್ತಿದೆ, ಅವ್ವ. ಎಬ್ಬಿಸಬಾರದು.”

ಅವ್ವ ಹಾಲೇಶನನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ದೇವರ ಮುಂದೆ ದೀಪ ಹಚ್ಚಿದಳು. ಕೊಟ್ರಿ ಕೂತಲ್ಲಿಂದಲೇ ಕೈ ಮುಗಿದಳು. ಒಲೆಯ ಮೇಲೆ ಅನ್ನ ಕುದಿಯಿತು. ಅನ್ನ ಬೆಂದಿತು. ಟ್ಯಾಬು ಇನ್ನೂ ಉಣ್ಣುತ್ತಲೇ ಇತ್ತು.

ಕೊಟ್ರಿಯ ಬೆರಳು ಗುಂಡಿಯ ಕಡೆ ಹೋಯಿತು. ಹೋಗಿ, ಹಿಂದೆ ಬಂತು.

ಆಗ ಕಪ್ಪು ಮುಖದ ಮೇಲೆ ಒಂದು ಸಣ್ಣ ಗೆರೆ ಮೂಡಿತು. ಕೆಂಪು ಗೆರೆ. ಕೊಟ್ರಿ ಮುಟ್ಟಲಿಲ್ಲ. ಗೆರೆ ಹಸಿರಾಯಿತು. ಇನ್ನಷ್ಟು ಉದ್ದವಾಯಿತು.

ಈಗ ಕೊಟ್ರಿ ಗುಂಡಿಯ ಮೇಲೆ ಬೆರಳಿಟ್ಟಳು. ಅವಸರ ಮಾಡಲಿಲ್ಲ. ಒತ್ತಿ ಹಿಡಿದಳು.

“ಟ್ಯಾಬೇ ಟ್ಯಾಬೇ, ಊಟ ಆಯಿತಾ?”

ಟ್ಯಾಬು ಕಣ್ಣು ಬಿಟ್ಟಿತು. “ಹೊಟ್ಟೆಗೆ ಸ್ವಲ್ಪ ಬಿತ್ತು,” ಅಂದಿತು. ಒಳಗಿನಿಂದ ಅಜ್ಜಿ ಕೆಮ್ಮಿದಳು. ಹಾಡುವ ಮುಂಚೆ ಅಜ್ಜಿ ಯಾವಾಗಲೂ ಒಂದು ಸಲ ಕೆಮ್ಮುತ್ತಾಳೆ. ಆ ಕೆಮ್ಮಿಗೇ ಹಾಲೇಶನ ಬಿಕ್ಕು ನಿಂತಿತು.

“ಜೋ ಜೋ ಕಂದ, ಹೊತ್ತು ಮುಳುಗ್ಯಾದೆ,
ನುಗ್ಗೆಯ ಎಲೆಗಳು ಕಣ್ಣ ಮುಚ್ಯಾವೆ,
ತೊಟ್ಟಿಲ ಕಾಯ್ವಳು ಅಕ್ಕ ಕೂತಾಳೆ,
ಜೋ ಜೋ ಕಂದ ಜೋ ಜೋ.”

ಅವ್ವ ಹಾಲೇಶನನ್ನು ತೊಟ್ಟಿಲಿಗೆ ಹಾಕಿದಳು. ಕೊಟ್ರಿ ತೂಗಿದಳು.

ಅಜ್ಜಿ ಹಾಡಿದಳು, ಹಾಲೇಶ ಮಲಗಿದ.
ಹಾಲೇಶ ಮಲಗಿದ, ಅವ್ವ ಕಾಲು ಚಾಚಿದಳು.
ಹಿತ್ತಲಲ್ಲಿ ನಲ್ಲಿ ತೊಟಕ್ ಅಂದಿತು, ಮರ ಎಲೆ ಮಡಚಿತು.
ಗುಡಿಯ ಹತ್ತಿರ ಮೇಕೆ ಮಲಗಿತು, ಬಸಜ್ಜ ಮೀಸೆ ತೊಳೆದುಕೊಂಡ.
ಬೀದಿಯಲ್ಲಿ ಕಂಬ ದೀಪ ಹಿಡಿದು ನಿಂತಿತು, ತಿಪ್ಪಣ್ಣ ಮಾಮ ಏಣಿ ಹೊತ್ತು ಮನೆಗೆ ಹೋದ.

ಕೊಟ್ರಿ ಹಾಡು ನಿಲ್ಲಿಸಿದಳು. ಟ್ಯಾಬನ್ನು ಮತ್ತೆ ಮಣೆಯ ಮೇಲೆ ಇಟ್ಟಳು.

“ಇನ್ನರ್ಧ ಊಟ ಬಾಕಿ ಇದೆಯಲ್ಲ. ನಿಧಾನಕ್ಕೆ ಉಣ್ಣು,” ಅಂದಳು.

ಟ್ಯಾಬು ಉಂಡಿತು. ಯಾರೂ ಎಬ್ಬಿಸಲಿಲ್ಲ.

ಟ್ಯಾಬಿನ ಹೊಟ್ಟೆ ತುಂಬಿತು, ನನ್ನ ಕತೆಯ ಬುಟ್ಟಿ ಬರಿದಾಯಿತು. ಏಳಿ ಮಕ್ಕಳೇ, ನಿಮಗೂ ಎಲೆ ಹಾಕಿದ್ದಾರೆ.